ಟೇಬಲ್ ಸಾ: ಫೆನ್ಸ್ ಜೊತೆ ಮೈಟರ್ ಗೇಜ್ ಬಳಸಿದರೆ ಡಬಲ್ ಸೇಫ್ಟಿ ಸಿಗುತ್ತದೆಯೇ?

ಕೈಗೆ ದಪ್ಪನೆಯ ಗ್ಲೌಸ್. ಹಲಗೆಯ ತುದಿ ಫೆನ್ಸ್‌ಗೆ ತಾಗಿದೆ, ಹಿಂದಿನಿಂದ ಮೈಟರ್ ಗೇಜ್ ಅದನ್ನು ತಳ್ಳುತ್ತಿದೆ. ಒಂದೇ ಅಳತೆಯ ತುಂಡುಗಳು ಒಂದರ ಹಿಂದೊಂದು ಬೀಳುತ್ತವೆ. ಮರಗೆಲಸದ ಇಂಥ ರೀಲ್‌ಗಳು ನೋಡಲು ಚೆಂದ. ‘ಸೂಪರ್ ಟ್ರಿಕ್’ ಎಂದು ಫಾರ್ವರ್ಡ್ ಮಾಡಬೇಕು ಅನ್ನಿಸುವುದೂ ಸಹಜ. ಆದರೆ ಈ ದೃಶ್ಯದಲ್ಲಿ ಎರಡು ತಪ್ಪುಗಳಿವೆ. ಎರಡೂ ನೋಡುವವರಿಗೆ ಸುರಕ್ಷತೆಯಂತೆಯೇ ಕಾಣುತ್ತವೆ.

ಟೇಬಲ್ ಸಾ ಎಂದರೆ ಮೇಜಿನ ಸೀಳಿನಿಂದ ತಲೆಯೆತ್ತಿರುವ ದುಂಡು ಗರಗಸ. ಬ್ಲೇಡ್‌ಗೆ ಸಮಾನಾಂತರವಾಗಿ ನಿಲ್ಲುವ ಪಟ್ಟಿಯೇ ಫೆನ್ಸ್. ಹಲಗೆಯನ್ನು ಉದ್ದಕ್ಕೆ ಸೀಳಲು ಅದು ಬೇಕು. ಅಡ್ಡಕ್ಕೆ ಅಥವಾ ಓರೆಯಾಗಿ ಕತ್ತರಿಸಲು ಮೈಟರ್ ಗೇಜ್. ಮೇಜಿನ ಗ್ರೂವ್‌ನಲ್ಲಿ ಜಾರುವ ಉಕ್ಕಿನ ಪಟ್ಟಿ, ಅದರ ಮೇಲೆ ಕಂಪಾಸ್ ಬಾಕ್ಸ್‌ನ ಕೋನಮಾಪಕದಂಥ ತಲೆ.

10 ಇಂಚಿನ ಬ್ಲೇಡ್ ನಿಮಿಷಕ್ಕೆ 4000 ಸುತ್ತು ತಿರುಗಿದರೆ ಅದರ ಹಲ್ಲುಗಳ ವೇಗ ಗಂಟೆಗೆ ಸುಮಾರು 190 ಕಿ.ಮೀ. ನಮ್ಮ ಕಡೆಯ ಹಲ್ಲುಗಳು ಕೆಳಕ್ಕೆ ಇಳಿಯುತ್ತವೆ, ಹಿಂದಿನ ಹಲ್ಲುಗಳು ಮೇಲಕ್ಕೆ ಏಳುತ್ತವೆ. ಗೇಜ್‌ನಿಂದ ಕತ್ತರಿಸುವಾಗ ಬೇರ್ಪಟ್ಟ ತುಂಡಿಗೆ ಪಕ್ಕಕ್ಕೆ ಸರಿಯಲು ಜಾಗವಿರಬೇಕು. ಫೆನ್ಸ್ ಅಡ್ಡ ಬಂದರೆ ಆ ತುಂಡು ಬ್ಲೇಡ್ ಮತ್ತು ಫೆನ್ಸ್ ನಡುವೆ ಸಿಕ್ಕಿಬೀಳುತ್ತದೆ. ಕೂದಲೆಳೆಯಷ್ಟು ಓರೆಯಾದರೂ ಸಾಕು, ಹಿಂದಿನ ಹಲ್ಲುಗಳು ಅದನ್ನು ಎತ್ತಿ ನಮ್ಮ ಕಡೆಗೇ ಎಸೆಯುತ್ತವೆ. ಇದೇ ಕಿಕ್‌ಬ್ಯಾಕ್. ತುಂಡು ಮುಖಕ್ಕೋ ಹೊಟ್ಟೆಗೋ ಬಡಿಯಬಹುದು. ಕೆಲವೊಮ್ಮೆ ಹಲಗೆ ಹಿಡಿದ ಕೈಯನ್ನೂ ಬ್ಲೇಡ್‌ನತ್ತ ಎಳೆದುಬಿಡುತ್ತದೆ. ಹತ್ತು ಸಲ ಏನೂ ಆಗದೆ ಕತ್ತರಿಸಿದವರಿಗೆ ಈ ಮಾತು ಅತಿಯಾಯಿತು ಅನ್ನಿಸಬಹುದು. ರೀಲ್‌ಗೆ ಬರುವುದೂ ಆ ಹತ್ತು ಸಲವೇ.

ಹಾಗಾದರೆ ಒಂದೇ ಅಳತೆಯ ತುಂಡುಗಳು ಬೇಕಾದರೆ? ಫೆನ್ಸ್‌ನ ಮುಂಭಾಗಕ್ಕೆ, ಬ್ಲೇಡ್‌ಗಿಂತ ಸಾಕಷ್ಟು ಈಚೆಗೆ, ಒಂದು ಇಂಚು ದಪ್ಪದ ಮರದ ತುಂಡನ್ನು ಕ್ಲಾಂಪ್ ಮಾಡಿ. ಹಲಗೆಯ ತುದಿಯನ್ನು ಅದಕ್ಕೆ ತಾಗಿಸಿ ಅಳತೆ ಹಿಡಿದು, ಗೇಜ್‌ಗೆ ಒತ್ತಿಟ್ಟುಕೊಂಡು ಮುಂದೆ ತಳ್ಳಿ. ಬ್ಲೇಡ್ ಮುಟ್ಟುವ ಹೊತ್ತಿಗೆ ಹಲಗೆ ಆ ತುಂಡನ್ನು ದಾಟಿರುತ್ತದೆ, ಫೆನ್ಸ್ ಒಂದಿಂಚು ದೂರ ಉಳಿದಿರುತ್ತದೆ. 6 ಇಂಚಿನ ತುಂಡು ಬೇಕಾದರೆ ಫೆನ್ಸ್ ಅನ್ನು 7ಕ್ಕೆ ಇಡಬೇಕು, ಅಷ್ಟೇ ಲೆಕ್ಕ. ಬಿದ್ದ ತುಂಡನ್ನು ಬ್ಲೇಡ್ ಪೂರ್ತಿ ನಿಂತ ಮೇಲೆಯೇ ತೆಗೆಯಿರಿ.

ಇನ್ನು ಗ್ಲೌಸ್. ಚೂಪು ತಗಡು ಎತ್ತುವಾಗ ಗ್ಲೌಸ್ ಕೈ ಕಾಯುತ್ತದೆ. ತಿರುಗುವ ಬ್ಲೇಡ್ ಮುಂದೆ ಅದೇ ಗ್ಲೌಸ್‌ನ ಬಟ್ಟೆ ಹಲ್ಲಿಗೆ ಸಿಕ್ಕಿ ಇಡೀ ಕೈಯನ್ನು ಒಳಗೆಳೆಯಬಹುದು. ಸಡಿಲ ತೋಳು, ಬಳೆ, ಕೈದಾರಕ್ಕೂ ಇದೇ ಮಾತು. ಕನ್ನಡಕ ಮಾತ್ರ ಬೇಕೇ ಬೇಕು.

ಸಾಸೇಜ್ ತಾಗಿದೊಡನೆ ಬ್ಲೇಡ್ ಗಕ್ಕನೆ ನಿಲ್ಲುವ ವಿಡಿಯೋ ನೀವೂ ನೋಡಿರಬಹುದು. ಅದು ಸುಳ್ಳಲ್ಲ. ಅಮೆರಿಕದ ಸಾಸ್ಟಾಪ್ ಕಂಪನಿಯ ಗರಗಸದಲ್ಲಿ ಚರ್ಮ ತಾಗಿದ್ದನ್ನು ವಿದ್ಯುತ್ ಸಂಕೇತದಿಂದ ಗುರುತಿಸಿ, ಸುಮಾರು 5 ಮಿಲಿಸೆಕೆಂಡ್‌ನಲ್ಲಿ ಬ್ಲೇಡ್ ನಿಲ್ಲಿಸುವ ವ್ಯವಸ್ಥೆ ಇದೆ. ಸಾಮಾನ್ಯ ಟೇಬಲ್ ಸಾಗಳಲ್ಲಿ ಅದಿಲ್ಲ. ಮೋಟರನ್ನು ಪ್ಲೈವುಡ್ ಕೆಳಗೆ ತಲೆಕೆಳಗಾಗಿ ಕೂರಿಸಿ ಮಾಡಿಕೊಂಡ ಗರಗಸದಲ್ಲಂತೂ ಕೇಳಲೇಬೇಡಿ. ಇದ್ದರೂ ಅದು ತಡೆಯುವುದು ಕೈ ಕೊಯ್ಯುವುದನ್ನು, ಮರ ಹಾರಿಬರುವುದನ್ನಲ್ಲ.

ನಿಖರತೆಯ ವಿಷಯದಲ್ಲೂ ಒಂದು ತಪ್ಪು ನಂಬಿಕೆಯಿದೆ: ಗೇಜ್ ಮೇಲೆ 45 ಎಂದಿದ್ದರೆ ಕೊಯ್ತವೂ 45 ಡಿಗ್ರಿಯೇ ಇರುತ್ತದೆ ಎಂಬುದು. ಫೋಟೋ ಫ್ರೇಮಿಗೆ ಎಂಟು ಓರೆ ಕೊಯ್ತ ಬೇಕು. ಒಂದೊಂದರಲ್ಲೂ ಒಂದೇ ದಿಕ್ಕಿಗೆ ಅರ್ಧ ಡಿಗ್ರಿ ತಪ್ಪಿದರೆ ಕೊನೆಯ ಮೂಲೆಯಲ್ಲಿ 4 ಡಿಗ್ರಿಯ ಬಿರುಕು ಬಾಯಿ ತೆರೆಯುತ್ತದೆ. ಆದ್ದರಿಂದ ರದ್ದಿ ಹಲಗೆಯಲ್ಲಿ ಎರಡು ತುಂಡು ಕತ್ತರಿಸಿ, ಜೋಡಿಸಿ, ಮೂಲೆಮಟ್ಟ ಹಿಡಿದು ನೋಡುವುದು ಒಳ್ಳೆಯದು. ಗೇಜ್ ಗ್ರೂವ್‌ನಲ್ಲಿ ಅಲ್ಲಾಡುತ್ತದೆಯೇ ಎಂದೂ ಒಮ್ಮೆ ಅಲುಗಿಸಿ ಪರೀಕ್ಷಿಸಿ. ಓರೆ ಕೊಯ್ತದಲ್ಲಿ ಹಲಗೆ ಮೆಲ್ಲಗೆ ಜಾರುವುದುಂಟು. ಗೇಜ್‌ನ ಮುಖಕ್ಕೆ ಒಂದು ಚೂರು ಮರಳು ಕಾಗದ ಅಂಟಿಸಿದರೆ ಹಿಡಿತ ಸಿಗುತ್ತದೆ. ಗೇಜ್ ಅಲುಗಿಸಿ ನೋಡುವುದನ್ನೂ ಮರಳು ಕಾಗದ ಅಂಟಿಸುವುದನ್ನೂ ಪ್ಲಗ್ ಕಿತ್ತ ಮೇಲೆಯೇ ಮಾಡಿಕೊಳ್ಳಿ.