ಮೋಟಾರು ಸೈಕಲ್ಲಿಗೆ ಮನೆಯ ಪೆಟ್ಟಿಗೆ

ಹೊಸೂರಿನ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಅರ್ಧ ಒಕ್ಕಲುತನ, ಅರ್ಧ ನೌಕರಿ ಎಂಬ ಸಂಸಾರಗಳು ಈಗ ಬಹಳವಾಗಿವೆ. ತಳಿ, ಡೆಂಕಣಿಕೋಟೆ, ಬಾಗಲೂರುಗಳ ಕಡೆಯಿಂದ ಹೊಸೂರಿನ ಕಾರ್ಖಾನೆಗಳಿಗೆ ಪಾಳಿಯ ಕೆಲಸಕ್ಕೆಂದು ಹೊರಡುವ ಹುಡುಗ ಬರಿಗೈಯಲ್ಲಿ ಹೊರಡುವುದಿಲ್ಲ. ಹಾದಿಯಲ್ಲಿ ಡೈರಿಗೆ ಹಾಕಬೇಕಾದ ಹಾಲು, ಮಾರುಕಟ್ಟೆಗೆ ಒಂದಿಷ್ಟು ಕೊತ್ತಂಬರಿ ಸೊಪ್ಪು, ಬೀನ್ಸು, ನಾಲ್ಕಾರು ಕಟ್ಟು ಗುಲಾಬಿ, ಜತೆಗೆ ತನ್ನ ಮಧ್ಯಾಹ್ನದ ಬುತ್ತಿ. ಹಿಂತಿರುಗುವಾಗ ಹಿಂಡಿ, ಬೂಸ, ಬೀಜದ ಪೊಟ್ಟಣ. ತಾಳವಾಡಿಯ ಕಡೆಯವರು ಚಾಮರಾಜನಗರಕ್ಕೆ ಹೋಗಿಬರುವುದೂ ಹೀಗೆಯೇ. ಇಷ್ಟನ್ನೂ ದಿನಂಪ್ರತಿ ಹೊರುತ್ತಿರುವುದು ಮೋಟಾರು ಸೈಕಲ್ಲು.

ಅದನ್ನು ಹೊರಿಸುವ ರೀತಿಯೋ, ಹೆಚ್ಚಿನ ಕಡೆ ಒಂದು ಗೋಣಿಚೀಲ ಮತ್ತು ಸೈಕಲ್ಲಿನ ಹಳೆಯ ಟ್ಯೂಬು. ಟ್ಯೂಬು ಬಿಸಿಲಿಗೆ ಸಡಿಲುತ್ತದೆ, ಚೀಲ ಒಂದು ಮಗ್ಗುಲಿಗೆ ಜಾರುತ್ತದೆ, ಅದರ ಮೂಲೆ ಅಥವಾ ಹಗ್ಗದ ತುದಿ ಹಿಂದಿನ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಏನಾಗುವುದೆಂಬುದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಗಟ್ಟಿಯಾದ ಪೆಟ್ಟಿಗೆಯೊಂದನ್ನು ಊರಿನ ಬಡಗಿಯಿಂದಲೋ ಗ್ರಿಲ್ ಕೆಲಸದವರಿಂದಲೋ ಮಾಡಿಸಿಕೊಳ್ಳುವ ಪದ್ಧತಿ ಬೆಳೆದಿರುವುದು ಒಳ್ಳೆಯದೇ. ಪೇಟೆಯ ಅಂಗಡಿಯ ಪೆಟ್ಟಿಗೆಗಳು ಒಂದು ಹೆಲ್ಮೆಟ್ಟು, ಒಂದು ಮಳೆ ಅಂಗಿ ಹಿಡಿಸಿದರೆ ಸಾಕೆಂಬ ಅಳತೆಯವು. ಹಾಲಿನ ಕ್ಯಾನು ಅವುಗಳಲ್ಲಿ ಕೂರುವುದೂ ಇಲ್ಲ. ನಮ್ಮ ಕೆಲಸಕ್ಕೆ ಬೇಕಾದ ಪೆಟ್ಟಿಗೆಯನ್ನು ನಾವೇ ಮಾಡಿಸಿಕೊಳ್ಳಬೇಕೆಂಬುದು ಸರಿಯಾದ ಮಾತು.

ಆದರೆ ಈಗ ಮಾಡಿಸುತ್ತಿರುವ ಪೆಟ್ಟಿಗೆಗಳ ಬಗ್ಗೆ ನನ್ನ ಆಕ್ಷೇಪಣೆ ಎರಡು. ಒಂದು, ಅವು ವಿಪರೀತ ದೊಡ್ಡವು. ಇನ್ನೊಂದು, ಅವು ತೀರ ಹಿಂದಕ್ಕೆ ಕೂತಿವೆ.

ಎತ್ತಿನ ಗಾಡಿ ಹೂಡಿದ ಹಿರಿಯರನ್ನು ಕೇಳಿ ನೋಡಿ. ಹೇರು ಹಾಕುವಾಗ ಅವರು ಮೊದಲು ನೋಡುತ್ತಿದ್ದುದು ಹಿಂಭಾರ ಮುಂಭಾರಗಳನ್ನು. ಗಾಡಿ ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ನೊಗ ಹೆಗಲು ಬಿಟ್ಟು ಎತ್ತಿನ ಕೊರಳು ಬಿಗಿಯುತ್ತದೆ. ಅಚ್ಚಿನ ನೇರಕ್ಕೆ ಭಾರ ನಿಂತು, ನೊಗದ ಮೇಲೆ ತುಸು ಮಾತ್ರ ಒರಗಿದರೆ ಗಾಡಿ ಸುಖವಾಗಿ ಸಾಗುತ್ತದೆ. ಮೋಟಾರು ಸೈಕಲ್ಲಿಗೆ ಎತ್ತಿಲ್ಲ, ಕೊರಳಿಲ್ಲ. ಅದರ ಬದಲು ಮುಂದಿನ ಚಕ್ರವಿದೆ. ಹ್ಯಾಂಡಲ್ಲಿನ ಮಾತು ಕೇಳುವುದು ಆ ಚಕ್ರ, ಬ್ರೇಕಿನ ಬಲದಲ್ಲಿ ಹೆಚ್ಚಿನ ಪಾಲು ಬರುವುದೂ ಅದರಿಂದಲೇ. ಹಿಂಭಾರವಾದಷ್ಟೂ ಅದು ನೆಲವನ್ನು ಒತ್ತುವುದು ಕಡಿಮೆಯಾಗುತ್ತದೆ.

ಲೆಕ್ಕ ಮಾಡಿ ನೋಡೋಣ. ನಮ್ಮ ನೂರು ಸಿ.ಸಿ. ಗಾಡಿಗಳಲ್ಲಿ ಎರಡು ಅಚ್ಚುಗಳ ನಡುವಿನ ದೂರ ಸುಮಾರು ೧೨೫ ಸೆಂಟಿಮೀಟರು. ಹಿಂದಿನ ಕ್ಯಾರಿಯರಿನ ಮೇಲೆ, ಅಚ್ಚಿಗಿಂತ ೩೦ ಸೆಂಟಿಮೀಟರು ಹಿಂದಕ್ಕೆ, ೫೦ ಕಿಲೋ ಭಾರ ಕೂರಿಸಿದಿರೆನ್ನಿ. ಏತದ ಮರ ಏರಿಳಿಯುವ ನಿಯಮವೇ ಇಲ್ಲಿಯೂ. ಹಿಂದಿನ ಚಕ್ರದ ಮೇಲೆ ಬೀಳುವುದು ೫೦ ಅಲ್ಲ, ೬೨ ಕಿಲೋ. ಮುಂದಿನ ಚಕ್ರದಿಂದ ೧೨ ಕಿಲೋ ಕಳೆದುಹೋಗುತ್ತದೆ. ಇದು ಸಮನೆಲದ ಲೆಕ್ಕ. ಏರಿನಲ್ಲಿ ಇನ್ನೂ ಹೆಚ್ಚು. ಬಣ್ಣಾರಿಯಿಂದ ದಿಂಬಂಗೆ ೨೭ ತಿರುವುಗಳನ್ನು ಹತ್ತುವ ತಾಳವಾಡಿಯವರಿಗೆ, ಹಿಂದೆ ಭಾರವಿದ್ದಾಗ ಹ್ಯಾಂಡಲ್ಲು ಹೇಗೆ ಕೈಯಲ್ಲಿ ಹಗುರಾಗಿ ತೂಗಾಡುವುದೆಂಬುದು ಹೊಸ ವಿಷಯವೇನಲ್ಲ.

ಈಗ ಪೆಟ್ಟಿಗೆಯನ್ನು ಕ್ಯಾರಿಯರಿನಿಂದ ತೆಗೆದು ಸೀಟಿನ ಹಿಂಭಾಗದ ಮೇಲೆ, ಅಂದರೆ ಇನ್ನೊಬ್ಬರು ಕೂರುವ ಜಾಗದಲ್ಲಿ ಇಡಿ. ಅದರ ಮಧ್ಯಭಾಗ ಅಚ್ಚಿಗಿಂತ ೧೫ ಸೆಂಟಿಮೀಟರಿನಷ್ಟು ಮುಂದೆ ಬರುತ್ತದೆ. ಭಾರವನ್ನು ೩೦ ಕಿಲೋಗೆ ಇಳಿಸಿ. ಆಗ ಹಿಂದಿನ ಚಕ್ರಕ್ಕೆ ಸುಮಾರು ೨೬ ಕಿಲೋ, ಮುಂದಿನ ಚಕ್ರಕ್ಕೆ ಮೂರೂವರೆ ಕಿಲೋ ಸೇರುತ್ತದೆ. ಮುಂದಿನ ಚಕ್ರದಿಂದ ಏನೂ ಕಳೆಯುವುದಿಲ್ಲ. ಅಚ್ಚಿನ ನೇರ ಎಲ್ಲಿದೆಯೆಂದು ತಿಳಿಯಲು ಮೇಸ್ತ್ರಿಗಳ ತೂಕದ ಗುಂಡು ಸಾಕು. ಅದಿಲ್ಲದಿದ್ದರೆ ದಾರಕ್ಕೊಂದು ಕಲ್ಲು ಕಟ್ಟಿ, ಸಮನೆಲದ ಮೇಲೆ ಜೋಡಿ ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿ, ಸೀಟಿನ ಅಂಚಿನಿಂದ ಚಕ್ರದ ಮಧ್ಯಕ್ಕೆ ಇಳಿಬಿಟ್ಟು ಸೀಟಿನ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳಬೇಕು. ಪೆಟ್ಟಿಗೆಯ ನಡುಮಧ್ಯ ಆ ಗುರುತಿಗಿಂತ ಮುಂದೆ ಇರತಕ್ಕದ್ದು. ಇದೊಂದನ್ನು ಪಾಲಿಸಿದರೆ ಅರ್ಧ ಅಪಾಯ ಕಳೆದಂತೆಯೇ.

ಒಬ್ಬನೇ ಕೆಲಸಕ್ಕೆ ಹೋಗಿಬರುವ ದಿನಗಳಲ್ಲಿ ಪೆಟ್ಟಿಗೆ ಸೀಟಿನ ಮೇಲಿರಲಿ, ಭಾನುವಾರ ಮನೆಯಾಕೆಯನ್ನು ಕೂರಿಸಿಕೊಂಡು ಹೋಗುವಾಗ ಅದು ಕಳಚಿ ಜಗಲಿಯ ಮೇಲಿರಲಿ ಎಂಬುದೇ ನನ್ನ ಸೂಚನೆ. ಕಾಯಂ ಬೆಸುಗೆ ಹಾಕಿದ ಪೆಟ್ಟಿಗೆಗಿಂತ ನಾಲ್ಕು ಬೋಲ್ಟುಗಳಲ್ಲಿ ಕಳಚಿ ಬರುವ ಪೆಟ್ಟಿಗೆಯೇ ನಮಗೆ ಯೋಗ್ಯ.

ಕಾನೂನು ಹೇಳುವುದೂ ಇದಕ್ಕೆ ಹೊಂದುತ್ತದೆ. ಪೆಟ್ಟಿಗೆ ಕಟ್ಟುವುದೇ ಅಪರಾಧವೆಂದು ನಮ್ಮಲ್ಲಿ ಹಲವರು ಭಾವಿಸಿದ್ದಾರೆ, ಏನು ಬೇಕಾದರೂ ಕಟ್ಟಬಹುದೆಂದು ಮತ್ತೆ ಹಲವರು. ಎರಡೂ ತಪ್ಪು. ಕೇಂದ್ರ ಸರಕಾರ ೨೦೨೦ರ ಜುಲೈಯಲ್ಲಿ ಮೋಟಾರು ವಾಹನ ನಿಯಮಗಳ ೧೨೩ನೆಯ ನಿಯಮವನ್ನು ತಿದ್ದುಪಡಿ ಮಾಡಿತು. ಹಗುರವಾದ ಪೆಟ್ಟಿಗೆಯನ್ನು ಮೋಟಾರು ಸೈಕಲ್ಲಿನ ಹಿಂಭಾಗಕ್ಕೆ ಜೋಡಿಸಬಹುದು. ಅದರ ಉದ್ದ ೫೫೦ ಮಿಲಿಮೀಟರು, ಅಗಲ ೫೧೦, ಎತ್ತರ ೫೦೦ ಮೀರಬಾರದು. ಹಿಂದೆ ಕೂರುವವರ ಜಾಗದಲ್ಲಿಯೇ ಪೆಟ್ಟಿಗೆ ಇದ್ದರೆ ಸವಾರನ ಹೊರತು ಮತ್ತೊಬ್ಬರು ಕೂರಬಾರದು. ಇವು ಕೇಂದ್ರದ ನಿಯಮಗಳಾದ ಕಾರಣ ಅತ್ತಿಬೆಲೆಯ ಈಚೆಗೂ ಆಚೆಗೂ ಒಂದೇ. ಗಡಿ ದಾಟಿ ದುಡಿಯುವ ನಮ್ಮಂಥವರು ಈ ಮೂರು ಅಂಕಿಗಳನ್ನು ಬಾಯಿಪಾಠ ಮಾಡಿಟ್ಟುಕೊಳ್ಳುವುದು ಲೇಸು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ವಾಹನದ ರಚನೆಯನ್ನೇ ಮನಬಂದಂತೆ ಬದಲಾಯಿಸುವುದನ್ನು ನಿಷೇಧಿಸುತ್ತದೆ. ಚಾಸಿಗೆ ಕಬ್ಬಿಣ ಬೆಸೆಯುವವರು ಇದನ್ನು ನೆನಪಿನಲ್ಲಿಡಬೇಕು.

ಇನ್ನು ಪೆಟ್ಟಿಗೆಯ ಮಾತು. ಹೊರ ಅಳತೆ ಅಡ್ಡಲಾಗಿ ೫೦, ಮುಂದಿನಿಂದ ಹಿಂದಕ್ಕೆ ೪೦, ಎತ್ತರ ೩೫ ಸೆಂಟಿಮೀಟರು ಇದ್ದರೆ ಸಾಕು. ಕಾನೂನು ಬಿಟ್ಟುಕೊಟ್ಟಷ್ಟು ಎತ್ತರವನ್ನೆಲ್ಲ ಬಳಸಲೇಬೇಕೆಂಬ ಕಟ್ಟಳೆಯೇನೂ ಇಲ್ಲ. ಎತ್ತರವಾದಷ್ಟೂ ಭಾರ ಮೇಲೇರುತ್ತದೆ, ತಿರುವಿನಲ್ಲಿ ಗಾಡಿ ತಲೆ ತೂಗುತ್ತದೆ. ಈ ಅಳತೆಯ ಪೆಟ್ಟಿಗೆಗೆ ಹತ್ತಿರ ಹತ್ತಿರ ಒಂದು ಚದರ ಮೀಟರು ಹಲಗೆ ಬೇಕಾಗುತ್ತದೆ. ೯ ಮಿಲಿಮೀಟರು ಪ್ಲೈವುಡ್ಡಿನಲ್ಲಿ ಮಾಡಿದರೆ ಸುಮಾರು ೬ ಕಿಲೋ ತೂಗುತ್ತದೆ. ಮನೆಯ ಬಾಗಿಲಿಗೆ ತಂದು ಉಳಿದ ೧೯ ಮಿಲಿಮೀಟರು ಹಲಗೆಯಲ್ಲಿ ಮಾಡಿದರೆ ಅದರ ಎರಡರಷ್ಟು. ೧೮ ಗೇಜಿನ ಕಬ್ಬಿಣದ ತಗಡಾದರೆ ಸುಮಾರು ೧೦ ಕಿಲೋ, ಒಂದೂವರೆ ಮಿಲಿಮೀಟರು ಅಲ್ಯೂಮಿನಿಯಂ ತಗಡಾದರೆ ೪ ಕಿಲೋ. ಅಲ್ಯೂಮಿನಿಯಂ ಬೆಸುಗೆ ಎಲ್ಲರಿಗೂ ಬಾರದು. ಆದರೆ ಮೂಲೆಗಳಿಗೆ ಪಟ್ಟಿಯಿಟ್ಟು ರಿವಿಟ್ಟು ಹೊಡೆಯುವುದು ಪಾತ್ರೆ ಕೆಲಸದವರಿಗೂ ಬರುತ್ತದೆ. ಕೈ ಬಿಗಿಯಿರುವವರಿಗೆ ನಾನು ಪ್ಲೈವುಡ್ಡನ್ನೇ ಹೇಳುತ್ತೇನೆ. ನೀರಿಗೆ ಹಾಳಾಗದ ಜಾತಿಯದನ್ನು ಕೇಳಿ ತರಬೇಕು, ಕೊಯ್ದ ಅಂಚುಗಳಿಗೆ ಎರಡು ಸಲ ಬಣ್ಣ ಬಳಿಯಬೇಕು. ನೀರು ಹೊಕ್ಕುವುದು ಅಂಚಿನಿಂದಲೇ. ತಳದಲ್ಲಿ ನಾಲ್ಕು ತೂತುಗಳಿರಲಿ. ಹಾಲು ಚೆಲ್ಲಿದರೂ ಸೊಪ್ಪಿನ ನೀರು ಇಳಿದರೂ ಒಳಗೆ ನಿಲ್ಲಬಾರದು. ಗುಲಾಬಿ ಒಯ್ಯುವವರು ಪಕ್ಕಗಳಲ್ಲಿಯೂ ಗಾಳಿಗೆ ತೂತು ಬಿಡಿಸಿ, ಒಳಗೆ ಒದ್ದೆ ಗೋಣಿತಟ್ಟು ಹಾಸಿಕೊಳ್ಳುವುದು ಒಳ್ಳೆಯದು.

ಭಾರ ೩೦ ಕಿಲೋ ಎಂದೆನಷ್ಟೆ. ಅದು ಪೆಟ್ಟಿಗೆಯೂ ಅದರ ಕಬ್ಬಿಣದ ಚೌಕಟ್ಟೂ ಸೇರಿದ ಲೆಕ್ಕ. ಪೆಟ್ಟಿಗೆ ೬, ಚೌಕಟ್ಟು ೩ ಆದರೆ ಸಾಮಾನಿಗೆ ಉಳಿಯುವುದು ೨೧ ಕಿಲೋ. "ಹಿಂದೆ ಅರವತ್ತು ಕಿಲೋದ ಮನುಷ್ಯ ಕೂತರೆ ಆಗುತ್ತದೆ, ಪೆಟ್ಟಿಗೆಗೆ ಮಾತ್ರ ಮೂವತ್ತೇ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಮನುಷ್ಯ ತಿರುವಿನಲ್ಲಿ ಸವಾರನ ಜತೆಗೆ ವಾಲುತ್ತಾನೆ, ಗುಂಡಿ ಬಂದರೆ ಕಾಲೂರಿ ತುಸು ಏಳುತ್ತಾನೆ, ಅವನ ಭಾರದ ಒಂದು ಪಾಲು ಕೆಳಗಿನ ಕಾಲ್ಮೆಟ್ಟಿನ ಮೇಲಿರುತ್ತದೆ. ಪೆಟ್ಟಿಗೆ ಹಾಗಲ್ಲ. ಗುಂಡಿಯ ಪೆಟ್ಟು ಪೂರ್ತಿಯಾಗಿ ನಾಲ್ಕು ಬೋಲ್ಟುಗಳ ಮೇಲೆ ಬೀಳುತ್ತದೆ. ಅದೂ ಅಲ್ಲದೆ ಗಾಡಿ ಒಟ್ಟು ಎಷ್ಟು ಹೊರಬಲ್ಲದೆಂಬುದು ಅದರ ಕೈಪಿಡಿಯಲ್ಲಿರುತ್ತದೆ. ನೂರು ಸಿ.ಸಿ.ಯವುಗಳಲ್ಲಿ ಇದು ಸಾಮಾನ್ಯವಾಗಿ ೧೩೦ ಕಿಲೋದ ಆಸುಪಾಸು, ಸವಾರನ ತೂಕವೂ ಅದರಲ್ಲಿಯೇ ಸೇರಿ. ಹಿಂದಿನ ಟೈರಿಗೆ ಕೈಪಿಡಿಯಲ್ಲಿ ಎರಡು ಗಾಳಿಯ ಅಂಕಿಗಳಿರುತ್ತವೆ, ಒಬ್ಬರಿಗೊಂದು, ಇಬ್ಬರಿಗೊಂದು. ಪೆಟ್ಟಿಗೆ ತುಂಬಿದ ದಿನ ಇಬ್ಬರ ಅಂಕಿಯಷ್ಟು ಗಾಳಿ ತುಂಬಿಸಬೇಕು.

ಜೋಡಣೆಯ ವಿಷಯದಲ್ಲಿ ಚಾಸಿಗೆ ಬೆಸುಗೆ ಸರ್ವಥಾ ಕೂಡದು. ಬೆಸುಗೆಯ ಕಾವಿಗೆ ಕೊಳವೆಯ ಕಬ್ಬಿಣ ಆ ಜಾಗದಲ್ಲಿ ಬಲ ಕಳೆದುಕೊಳ್ಳುತ್ತದೆ, ಬಿರುಕು ಮೊದಲು ಬಿಡುವುದು ಅಲ್ಲಿಯೇ. ಹಿಂಬದಿಯ ಹಿಡಿಕೆಯನ್ನೂ ಕ್ಯಾರಿಯರನ್ನೂ ಕೂರಿಸಲೆಂದು ಕಂಪನಿಯವರೇ ಬಿಟ್ಟಿರುವ ಬೋಲ್ಟಿನ ಜಾಗಗಳನ್ನು ಬಳಸಬೇಕು. ೨೫ ಮಿಲಿಮೀಟರಿನ, ೩ ಮಿಲಿಮೀಟರು ದಪ್ಪದ ಆಂಗಲ್ಲು ಮೀಟರಿಗೆ ಒಂದು ಕಿಲೋದ ಮೇಲೆ ಸ್ವಲ್ಪ ತೂಗುತ್ತದೆ. ಎರಡೂವರೆ ಮೀಟರಿನಲ್ಲಿ ಚೌಕಟ್ಟು ಮುಗಿಯುತ್ತದೆ. ಪಕ್ಕಕ್ಕೆ ಓಲಾಡದಂತೆ ಓರೆಯ ಪಟ್ಟಿಯೊಂದನ್ನು ತ್ರಿಕೋನವಾಗಿ ಕೊಡಬೇಕು. ಅದಿಲ್ಲದಿದ್ದರೆ ಎಷ್ಟು ದಪ್ಪ ಕಬ್ಬಿಣ ಹಾಕಿದರೂ ವ್ಯರ್ಥ. ನಟ್ಟುಗಳು ಒಳಗೆ ನೈಲಾನ್ ಬಳೆಯುಳ್ಳವಾಗಿರಲಿ, ಅಲುಗಾಟಕ್ಕೆ ಬಿಡಿಸಿಕೊಳ್ಳುವುದಿಲ್ಲ. ಕಬ್ಬಿಣಕ್ಕೂ ಪೆಟ್ಟಿಗೆಗೂ ನಡುವೆ ಹಳೆಯ ಟೈರಿನ ತುಂಡು ಇಟ್ಟರೆ ಹಾಲಿನ ಕ್ಯಾನಿನ ಸದ್ದೂ ಕಡಿಮೆ. ಕ್ಯಾನಿನ ಮಾತು ಬಂತು, ಅರ್ಧ ತುಂಬಿದ ಕ್ಯಾನು ತುಂಬಿದ ಕ್ಯಾನಿಗಿಂತ ಕೆಟ್ಟದ್ದು. ಒಳಗಿನ ಹಾಲು ತಿರುವಿನಲ್ಲಿ ಒಂದು ಕಡೆಗೆ ನುಗ್ಗಿ ಗಾಡಿಯನ್ನೂ ಎಳೆಯುತ್ತದೆ. ಕಡಿಮೆ ಹಾಲಿದ್ದ ದಿನ ಸಣ್ಣ ಕ್ಯಾನು ತೆಗೆದುಕೊಳ್ಳುವುದು ಮೇಲು. ಹಿಂದಿನ ಕೆಂಪು ದೀಪ, ತಿರುವಿನ ದೀಪ, ನಂಬರಿನ ಹಲಗೆ ಮೂರೂ ಪೆಟ್ಟಿಗೆಯ ಮರೆಗೆ ಬೀಳಕೂಡದು.

ಮಗ್ಗುಲಿಗೆ ತೂಗುಹಾಕುವ ಜೋಡಿ ಪೆಟ್ಟಿಗೆಗಳ ಬಗ್ಗೆಯೂ ಹೇಳಬೇಕು. ಪ್ಲಾಸ್ಟಿಕ್ಕಿನ ದೊಡ್ಡ ಕ್ಯಾನುಗಳ ಬಾಯಿ ಕೊಯ್ದು ಎರಡೂ ಕಡೆಗೆ ಕಟ್ಟುವುದು ಅಗ್ಗ, ಭಾರವೂ ಕೆಳಗೆ ನಿಲ್ಲುತ್ತದೆ, ಹಿಂದಿನ ಕಾಲದ ಹೇರೆತ್ತಿನ ಹಾಗೆ. ಆದರೆ ಇದಕ್ಕೆ ಅಡ್ಡ ಬರುವುದೆಂದು ಹಿಂದಿನ ಚಕ್ರದ ಸೀರೆ ಗಾರ್ಡನ್ನು ಬಿಚ್ಚಿ ಎಸೆಯುವುದನ್ನು ನಾನು ಖಂಡಿಸುತ್ತೇನೆ. ಹಿಂದೆ ಕೂರುವವರ ಬಟ್ಟೆ ಸಿಕ್ಕಿಕೊಳ್ಳದಂತೆ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮರೆ ಇರಬೇಕೆಂದು ಅದೇ ೧೨೩ನೆಯ ನಿಯಮವೂ ಹೇಳುತ್ತದೆ. ವಾರಕ್ಕೊಮ್ಮೆ ಕೂರುವ ಹೆಂಗಸರ ಸೆರಗನ್ನು ದಿನದ ಹಾಲಿಗಾಗಿ ಪಣಕ್ಕಿಡುವುದು ಯಾವ ಸಂಸಾರಕ್ಕೂ ಶೋಭಿಸುವುದಿಲ್ಲ. ಮಗ್ಗುಲ ಪೆಟ್ಟಿಗೆಗಳು ಹ್ಯಾಂಡಲ್ಲಿನ ಅಗಲವನ್ನು ಮೀರಿದರೆ ಬಸ್ಸಿನ ಪಕ್ಕದಲ್ಲಿ ನುಸುಳುವಾಗ ಸವಾರನ ಅಂದಾಜು ತಪ್ಪುತ್ತದೆ. ಸೈಲೆನ್ಸರ್ ಇರುವ ಕಡೆಯ ಕ್ಯಾನು ಕಾವಿಗೆ ಮೆತ್ತಗಾಗುತ್ತದೆ, ಒಳಗಿನ ಸೊಪ್ಪು ಬಾಡುತ್ತದೆ.

ಹಿಂತಿರುಗುವಾಗ ಔಷಧದ ಅಂಗಡಿಗೆ ಹೋಗುವವರಿಗೆ ಇನ್ನೊಂದು ಮಾತು. ಕೀಟನಾಶಕದ ಬಾಟಲನ್ನು ಈ ಪೆಟ್ಟಿಗೆಯಲ್ಲಿ ಇಡಬಾರದು. ಮುಚ್ಚಳ ಸಡಿಲಿ ಹನಿ ಹನಿಯಾಗಿ ಸೋರಿದರೂ ಪ್ಲೈವುಡ್ಡು ಅದನ್ನು ಹೀರಿಕೊಳ್ಳುತ್ತದೆ, ತೊಳೆದರೆ ಹೋಗುವುದಿಲ್ಲ. ಮರುದಿನ ಬೆಳಗ್ಗೆ ಅದೇ ಹಲಗೆಯ ಮೇಲೆ ಬುತ್ತಿಯ ಡಬ್ಬಿ, ಸೊಪ್ಪು. ಔಷಧಕ್ಕೆ ಮುಚ್ಚಳವಿರುವ ಬೇರೆ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಇಟ್ಟುಕೊಂಡು ಹೊರಗೆ ಕ್ಯಾರಿಯರಿಗೆ ಕಟ್ಟಿ ತರಬೇಕು.

೧೯೮೦ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಟಿ.ವಿ.ಎಸ್. ೫೦ ಹೊರಬಂದಂದಿನಿಂದ ಎರಡು ಚಕ್ರದ ಗಾಡಿಯನ್ನು ಹೇರಿನ ಗಾಡಿ ಮಾಡಿಕೊಂಡವರು ನಾವು. ಆ ಅಭ್ಯಾಸದಿಂದಲೇ "ದೊಡ್ಡ ಪೆಟ್ಟಿಗೆಯಾದರೆ ಒಂದು ಓಡಾಟ ಉಳಿಯುತ್ತದಲ್ಲ" ಎಂಬ ವಾದ ಬರುತ್ತದೆ. ಉಳಿಯಬಹುದು. ಆದರೆ ಐವತ್ತು ಅರವತ್ತು ಕಿಲೋ ಬೀನ್ಸು ಕಿತ್ತ ದಿನ ಅದು ಮೋಟಾರು ಸೈಕಲ್ಲಿನ ಕೆಲಸವಲ್ಲ. ಅಂಥ ದಿನ ಕೇರಿಯ ಮೂರು ನಾಲ್ಕು ಮನೆಯವರು ಸೇರಿ ಒಂದು ಲಗೇಜ್ ಆಟೋ ಮಾತಾಡಿಕೊಳ್ಳಲಿ, ಬಾಡಿಗೆಯನ್ನು ಮೂಟೆಯ ಲೆಕ್ಕದಲ್ಲಿ ಹಂಚಿಕೊಳ್ಳಲಿ. ಕೆಲಸಕ್ಕೆ ಹೊರಟವನ ಪೆಟ್ಟಿಗೆಯಲ್ಲಿ ಹದಿನೈದು ಲೀಟರು ಹಾಲು, ಅಂದರೆ ಹದಿನೈದೂವರೆ ಕಿಲೋ, ಅದರ ಕ್ಯಾನು, ಬುತ್ತಿ, ಎರಡು ಕಟ್ಟು ಸೊಪ್ಪು ಇಷ್ಟು ಹಿಡಿಸಿದರೆ ಇಪ್ಪತ್ತೊಂದು ಕಿಲೋ ಭರ್ತಿಯಾಗುತ್ತದೆ.