ಒಂದು ನಿಂಬೆ ಬೀಜ, ಎರಡು ಸಸಿ

ಮಕ್ಕಳೇ, ಇಟ್ಟಮಡುವಿನ ಶಾಲೆಯೊಂದಕ್ಕೆ ಹೋಗಿದ್ದಾಗ ಆರನೇ ತರಗತಿಯ ಹುಡುಗಿಯೊಬ್ಬಳು ತೆಂಗಿನ ಚಿಪ್ಪಿನಲ್ಲಿ ಬೆಳೆಸಿದ್ದ ನಿಂಬೆ ಸಸಿ ತಂದು ತೋರಿಸಿದಳು. ಹಾಕಿದ್ದು ಒಂದೇ ಬೀಜ, ಬಂದದ್ದು ಎರಡು ಸಸಿ. "ಎರಡು ಬೀಜ ಹಾಕಿ ಮರೆತಿದ್ದೀಯ" ಎಂದು ಜೊತೆಯವರು ನಕ್ಕರು. ಅವಳು ಮರೆತಿರಲಿಲ್ಲ. ಒಂದು ಬೀಜಕ್ಕೆ ಒಂದು ಗಿಡ ಎಂದು ನಾವು ಶಿಕ್ಷಕರು ಬರೆಸುತ್ತೇವಲ್ಲ, ಆ ವಾಕ್ಯವೇ ಅರೆಬರೆ.

ನಿಂಬೆಯ ಪ್ರತಿ ಜೀವಕೋಶದಲ್ಲಿ 18 ವರ್ಣತಂತುಗಳಿವೆ. ಗಿಡದ ಗುಣಗಳನ್ನು ಹೊತ್ತಿರುವ ಎಳೆಗಳು ಇವು. ಪರಾಗ, ಅಂಡ ತಯಾರಾಗುವಾಗ ಇವು ಜೋಡಿಯಾಗಿ ನಿಂತು, ತುಣುಕುಗಳನ್ನು ಅದಲುಬದಲು ಮಾಡಿಕೊಂಡು ಬೇರೆಯಾಗುತ್ತವೆ. ಆಗ ಒಂದೊಂದರ ಪಾಲಿಗೆ 9. ಪರಾಗ, ಅಂಡ ಕೂಡಿದಾಗ ಮತ್ತೆ 18. ಹೀಗೆ ಹುಟ್ಟಿದ ಗಿಡ ತಾಯಿಯನ್ನು ಹೋಲಬಹುದು, ತಾಯಿಯೇ ಆಗಿರುವುದಿಲ್ಲ.

ನಿಂಬೆಯಲ್ಲಿ ಇದರ ಜೊತೆಗೇ ಇನ್ನೊಂದು ಕೆಲಸ ನಡೆಯುತ್ತದೆ. ಮುಂದೆ ಬೀಜವಾಗುವ ಅಂಡಕದೊಳಗೆ ತಾಯಿಗಿಡದ್ದೇ ಕೆಲವು ಕೋಶಗಳು ವರ್ಣತಂತುಗಳನ್ನು ಅರ್ಧ ಮಾಡದೆ, 18ನ್ನೂ ಹಾಗೇ ಇಟ್ಟುಕೊಂಡು ಭ್ರೂಣಗಳಾಗಿ ಬೆಳೆಯುತ್ತವೆ. ಅವಕ್ಕೆ ತಂದೆಯಿಲ್ಲ, ಅವು ತಾಯಿಯ ಪಡಿಯಚ್ಚು. (ಹಾಗೆಂದು ಪರಾಗ ದಂಡವಲ್ಲ. ಭ್ರೂಣಕ್ಕೆ ಆಹಾರ ಕೊಡುವ ಭಾಗ ಬೆಳೆಯಲು ಅದು ಸಾಮಾನ್ಯವಾಗಿ ಬೇಕು.) ನಿಶೇಚನವಿಲ್ಲದೆ ಬೀಜದಲ್ಲಿ ಭ್ರೂಣ ಹುಟ್ಟುವ ಈ ಬಗೆಗೆ ಅಪೋಮಿಕ್ಸಿಸ್ ಎಂದು ಹೆಸರು. ಕೊಡಗಿನ ಕಿತ್ತಳೆಯಲ್ಲೂ ಕರಾವಳಿಯ ಕೆಲವು ಮಾವುಗಳಲ್ಲೂ ಇದುಂಟು.

ಇದನ್ನು ದೊಡ್ಡ ತರಗತಿಯಲ್ಲಿ ಓದಿಕೊಳ್ಳಲಿ ಎಂದು ಬಿಡುವುದು ತಪ್ಪು ಎನ್ನುವುದು ನನ್ನ ಅಭಿಪ್ರಾಯ. ನಿಮ್ಮ ಅಜ್ಜನ ಹೊಲದ ಲೆಕ್ಕವೂ ಇದರಲ್ಲಿದೆ. ಹೈಬ್ರಿಡ್ ಮೆಕ್ಕೆಜೋಳದ ಕಾಳನ್ನು ಎತ್ತಿಟ್ಟು ಮರುವರ್ಷ ಬಿತ್ತಿದರೆ ವರ್ಣತಂತುಗಳು ಮತ್ತೆ ಕಲಸಿಹೋಗಿ, ಒಂದೊಂದು ಗಿಡ ಒಂದೊಂದು ಥರ ಬಂದು ಇಳುವರಿ ಇಳಿಯುತ್ತದೆ. ಹಾಗಾಗಿ ವರ್ಷವರ್ಷವೂ ಬೀಜದಂಗಡಿಗೆ ಹೋಗಬೇಕು. ನಿಂಬೆಯೂ ಒಂದು ಹೈಬ್ರಿಡ್ಡೇ! ಮಾದಲವೂ ಇನ್ನೊಂದು ಕಾಡುಜಾತಿಯೂ ಎಂದೋ ಕೂಡಿ ಹುಟ್ಟಿದ್ದು. ಆದರೂ ಅದರ ಬೀಜ ಬಹುಮಟ್ಟಿಗೆ ತಾಯಿಯಂಥ ಗಿಡವನ್ನೇ ಕೊಡುತ್ತದೆ.

ಈ ಗುಣವನ್ನು ಭತ್ತಕ್ಕೂ ತರಲು ವಿಜ್ಞಾನಿಗಳು ಹೊರಟಿದ್ದಾರೆ. 2019ರಲ್ಲಿ ಅಮೆರಿಕದ ಡೇವಿಸ್‌ನಲ್ಲಿ ವೆಂಕಟೇಶನ್ ಸುಂದರೇಶನ್, ಇಮ್ತಿಯಾಜ್ ಖಾಂಡೆ ಮತ್ತು ಸಂಗಡಿಗರು ವರ್ಣತಂತು ಅರ್ಧವಾಗುವ ಹೆಜ್ಜೆಯನ್ನೇ ತಪ್ಪಿಸಿ, ಅಂಡವೇ ಭ್ರೂಣವಾಗುವಂತೆ ಮಾಡಿದರು. ಖಾಂಡೆ ಅದಕ್ಕೂ ಮೊದಲು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭತ್ತದ ಹೂವಿನ ಬಗ್ಗೆ ಸಂಶೋಧನೆ ಮಾಡಿದವರು. 2022ರ ಹೊತ್ತಿಗೆ ಹೈಬ್ರಿಡ್ ಭತ್ತದಲ್ಲಿ ಶೇಕಡ 95ಕ್ಕೂ ಹೆಚ್ಚು ಬೀಜಗಳು ಪಡಿಯಚ್ಚಾದವು.

ಇಂಥ ಬೀಜ ಹೊಲಕ್ಕೆ ಬಂದರೆ ರೈತ ಅದನ್ನು ಎತ್ತಿಟ್ಟುಕೊಳ್ಳುವಂತಿರಬೇಕು, ಅದಕ್ಕೆ ಯಾರೂ ಅಡ್ಡ ಬರಬಾರದು ಎನ್ನುತ್ತೇನೆ ನಾನು. ಆದರೆ ಬಯಲಿಗೆ ಬಯಲೇ ಒಂದೇ ಪಡಿಯಚ್ಚಾದರೆ ಒಂದೇ ರೋಗ ಎಲ್ಲವನ್ನೂ ಬಲಿ ತೆಗೆದುಕೊಂಡೀತು ಎಂಬ ಅಳುಕೂ ಇದೆ. ನೀವೇನು ಹೇಳುತ್ತೀರಿ?

ಮನೆಯಲ್ಲಿ ನಿಂಬೆ ಹಿಂಡಿದಾಗ ಹತ್ತು ಬೀಜ ತೆಗೆದಿಡಿ. ಒಣಗಲು ಬಿಡದೆ ಒಂದು ಚಿಪ್ಪಿಗೆ ಒಂದೇ ಬೀಜದಂತೆ ಹಾಕಿ. ಎರಡು ಸಸಿ ಬಂದರೆ ಸಣ್ಣದನ್ನು ಕಿತ್ತೆಸೆಯಬೇಡಿ, ಎಷ್ಟು ಬಂದವೆಂದು ಬರೆದಿಡಿ. ಇಟ್ಟಮಡುವಿನ ಆ ಎರಡು ಸಸಿಗಳು ಈಗ ಬೇರೆಬೇರೆ ಡಬ್ಬಿಗಳಲ್ಲಿವೆ. ಯಾವುದು ತಾಯಿಯ ಪಡಿಯಚ್ಚು ಎಂದು ಅವಳು ಕೇಳುತ್ತಿದ್ದಾಳೆ. ಎರಡೂ ಇರಬಹುದು.