ಕಾರಿನ ಎರಡು ಜನ್ಮವರ್ಷಗಳು

ಜೂನ್ ತಿಂಗಳಲ್ಲಿ ಕಾಲೇಜು ಸೇರಿದ ವಿದ್ಯಾರ್ಥಿಯ ವರ್ಷವು ಡಿಸೆಂಬರಿಗೆ ಮುಗಿಯುವುದಿಲ್ಲ. ಯುಗಾದಿಯಂದು ತೊಡಗುವ ಸಂವತ್ಸರವೂ ಏಪ್ರಿಲಿನಲ್ಲಿ ಮೊದಲಾಗುವ ಹಣಕಾಸಿನ ವರ್ಷವೂ ಜನವರಿಯನ್ನು ಕಾಯುವುದಿಲ್ಲ. ಆದರೂ ನಮಗೆ ಗೊಂದಲವಿಲ್ಲ. ಏಕೆಂದರೆ ಯಾವ ವರ್ಷದ ಮಾತನ್ನು ಆಡುತ್ತಿದ್ದೇವೆಂಬುದು ನಮಗೆ ಗೊತ್ತಿರುತ್ತದೆ. ಹಳೆಯ ಕ್ರೀಡಾ ಕಾರುಗಳನ್ನು ಕೊಂಡು ಕೂಡಿಡುವವರ ಲೋಕದಲ್ಲಿ ಈ ಎಚ್ಚರವು ಅನೇಕ ವೇಳೆ ತಪ್ಪುವುದುಂಟು. ಅದರಿಂದ ಹಣವೂ ಹಾಳು, ಇತಿಹಾಸವೂ ಹಾಳು.

ಇಂತಹ ಕಾರಿಗೆ ಎರಡು ಜನ್ಮವರ್ಷಗಳುಂಟು. ಒಂದು, ಅದು ಕಾರ್ಖಾನೆಯಲ್ಲಿ ಸಿದ್ಧವಾದ ದಿನ. ಇನ್ನೊಂದು, ತಯಾರಕರು ಅದಕ್ಕೆ ಕೊಟ್ಟ ‘ಮಾದರಿ ವರ್ಷ’. ಅಮೆರಿಕದಲ್ಲಿ ಮುಂದಿನ ವರ್ಷದ ಮಾದರಿಯನ್ನು ಹಿಂದಿನ ವರ್ಷದ ಶರತ್ಕಾಲದ ಹೊತ್ತಿಗೇ ತಯಾರಿಸತೊಡಗುವುದು ಹಳೆಯ ರೂಢಿ. ಆದುದರಿಂದ ೧೯೬೭ರ ಮಾದರಿಯೆನಿಸಿದ ಕಾರು ೧೯೬೬ರ ಅಕ್ಟೋಬರಿನಲ್ಲಿ ಹುಟ್ಟಿದ್ದರೆ ಆಶ್ಚರ್ಯವೇನೂ ಇಲ್ಲ. ಮೊದಲನೆಯದು ನಡೆದ ಸಂಗತಿ. ಎರಡನೆಯದು ಇಟ್ಟ ಹೆಸರು.

ಫೋರ್ಡ್ ಕಂಪನಿಯ ಮಸ್ಟಾಂಗ್ ಕಾರನ್ನು ನೋಡಿರಿ. ಅದರ ತಯಾರಿಕೆ ೧೯೬೪ರ ಮಾರ್ಚಿಯಲ್ಲಿ ಮೊದಲಾಯಿತು. ಏಪ್ರಿಲ್ ೧೭ರಂದು ಅದು ನ್ಯೂಯಾರ್ಕಿನ ವಿಶ್ವ ಪ್ರದರ್ಶನದ ಮೂಲಕ ಲೋಕಕ್ಕೆ ಕಾಣಿಸಿಕೊಂಡಿತು. ಸಂಗ್ರಾಹಕರು ಆ ಮೊದಲ ತಿಂಗಳುಗಳ ಕಾರುಗಳನ್ನು ‘ಅರುವತ್ತನಾಲ್ಕೂವರೆ’ ಎಂದು ಕರೆಯುತ್ತಾರೆ. ಆದರೆ ಕಂಪನಿಯು ಕೊಟ್ಟ ಕ್ರಮಸಂಖ್ಯೆಯ ಮೊದಲ ಅಂಕಿಯು ಅವೆಲ್ಲಕ್ಕೂ ೫, ಎಂದರೆ ೧೯೬೫ರ ಮಾದರಿ. ಹಾಗಾದರೆ ‘ಅರುವತ್ತನಾಲ್ಕೂವರೆ’ ಎಂಬುದು ಬರಿಯ ಭ್ರಮೆಯೆ? ಅಲ್ಲ. ಆ ಕಾರುಗಳಲ್ಲಿ ಬ್ಯಾಟರಿಗೆ ವಿದ್ಯುತ್ತನ್ನು ತುಂಬುತ್ತಿದ್ದುದು ಕಮ್ಯುಟೇಟರು ಇರುವ ಹಳೆಯ ನೇರಪ್ರವಾಹದ ಜನರೇಟರು. ಮುಂದೆ ಬಂದವುಗಳಲ್ಲಿ ಡಯೋಡುಗಳಿರುವ ಆಲ್ಟರ್ನೇಟರು. ಮಾದರಿ ವರ್ಷವು ಮರೆಮಾಡಿದ ಈ ಭೇದವನ್ನು ತಯಾರಿಕೆಯ ದಿನಾಂಕವು ಹೊರಗೆಡಹುತ್ತದೆ.

ಇದಕ್ಕಿಂತ ವಿಚಿತ್ರವಾದುದು ಷೆವ್ರೊಲೆ ಕಾರ್ವೆಟ್ ಕಾರಿನ ಕಥೆ. ೧೯೮೩ರ ಮಾದರಿಯ ಕಾರ್ವೆಟ್ ಎಂಬುದು ಮಾರಾಟಕ್ಕೆ ಬರಲೇ ಇಲ್ಲ. ಪರೀಕ್ಷೆಗಾಗಿ ಮಾಡಿದ ೪೦ಕ್ಕೂ ಹೆಚ್ಚು ಕಾರುಗಳಲ್ಲಿ ಒಂದು ಮಾತ್ರ ಉಳಿದು, ಕೆಂಟಕಿಯ ಬೌಲಿಂಗ್ ಗ್ರೀನ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ೧೯೮೩ರಲ್ಲಿ ತಯಾರಾಗಿ ೧೯೮೪ರ ಮಾದರಿಯೆಂಬ ಹೆಸರಿನಿಂದ ಮಾರಾಟವಾದ ಕಾರ್ವೆಟ್‌ಗಳು ಸಾವಿರಾರು!

ಹೆಸರಿನಲ್ಲೇನಿದೆ ಎಂದು ಕೆಲವರು ಕೇಳಬಹುದು. ಇದೆ. ಇಂತಹ ಕಾರಿನ ಬೆಲೆಯು ಅದರ ಎಂಜಿನು ಮೂಲದ್ದೇ ಎಂಬ ನಂಬಿಕೆಯ ಮೇಲೆ ನಿಂತಿದೆ. ಕಾರ್ವೆಟ್‌ನ ಎಂಜಿನಿನ ಎರಕದ ಮೇಲೆ ತಿಂಗಳನ್ನು ಅಕ್ಷರದಿಂದಲೂ ದಿನ ಮತ್ತು ವರ್ಷಗಳನ್ನು ಅಂಕಿಗಳಿಂದಲೂ ಗುರುತಿಸಿರುತ್ತಾರೆ. ೧೯೬೭ರ ಕಾರಿನಲ್ಲಿ ೧೯೬೬ರ ಎರಕವನ್ನು ಕಂಡ ಅನನುಭವಿಯು ಮೋಸವೆಂದು ಕೂಗಿಕೊಳ್ಳುತ್ತಾನೆ. ಭೌತವಿಜ್ಞಾನವನ್ನು ಓದಿದವನು ಬೇರೆಯ ಪ್ರಶ್ನೆಯನ್ನು ಕೇಳಬೇಕು. ಕಾರಣವು ಕಾರ್ಯಕ್ಕಿಂತ ಮುಂಚೆ ಇರತಕ್ಕದ್ದು. ಎರಕವು ಕಾರಿನ ಜೋಡಣೆಗಿಂತ ಮುಂಚೆ ಆಗಿರತಕ್ಕದ್ದು. ಕೆಲವು ವಾರಗಳಷ್ಟು ಮುಂಚಿನ ಎರಕವು ಸಹಜ. ಕಾರು ಸಿದ್ಧವಾದ ಮೇಲೆ ಹುಟ್ಟಿದ ಎಂಜಿನು ಮಾತ್ರ ಖಂಡಿತವಾಗಿ ಬೇರೆ ಕಡೆಯಿಂದ ಬಂದುದು. ಈ ಪರೀಕ್ಷೆಗೆ ಬೇಕಾದುದು ತಯಾರಿಕೆಯ ದಿನಾಂಕವೇ ಹೊರತು ಮಾದರಿ ವರ್ಷವಲ್ಲ.

ಕಾನೂನು ಸಹ ಕೆಲವೆಡೆ ಹೆಸರನ್ನು ಬಿಟ್ಟು ಸಂಗತಿಯನ್ನೇ ಹಿಡಿದಿದೆ. ತನ್ನ ಸುರಕ್ಷತಾ ನಿಯಮಗಳಿಗೆ ಹೊಂದದ ವಿದೇಶಿ ಕಾರಿಗೆ ೨೫ ವರ್ಷ ತುಂಬಿದ ಬಳಿಕ ಅಮೆರಿಕವು ಆ ನಿಯಮಗಳಿಂದ ವಿನಾಯಿತಿ ಕೊಡುತ್ತದೆ. ಆ ವಯಸ್ಸನ್ನು ಎಣಿಸುವುದು ತಯಾರಿಕೆಯ ತಿಂಗಳಿನಿಂದ. ಜಪಾನಿನಲ್ಲಿ ೧೯೯೯ರ ಜನವರಿಯಲ್ಲಿ ತಯಾರಾದ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿಗೆ ೨೦೨೪ರ ಜನವರಿಯಲ್ಲಿ ಬಾಗಿಲು ತೆರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ತಯಾರಾದುದು ಇನ್ನೂ ಹನ್ನೊಂದು ತಿಂಗಳು ಕಾಯಬೇಕಾಯಿತು.

ಮಾದರಿ ವರ್ಷವನ್ನು ಕಿತ್ತೊಗೆಯಬೇಕೆಂದು ನಾನು ಹೇಳುತ್ತಿಲ್ಲ. ಬಿಡಿಭಾಗವನ್ನು ಹುಡುಕುವವನಿಗೆ ಅದರಿಂದ ಉಪಕಾರವುಂಟು. ಆದರೆ ಮಾರುವವನು ಎರಡನ್ನೂ ಹೇಳಬೇಕು. ಕೊಳ್ಳುವವನು ಎರಡನ್ನೂ ಕೇಳಬೇಕು. ಹಳೆಯ ಕಾರನ್ನು ಹೊಸದರಂತೆ ಹೊಳೆಯಿಸುವ ಉತ್ಸಾಹದಲ್ಲಿ ಎರಕದ ಗುರುತನ್ನು ಉಜ್ಜಿ ಅಳಿಸುವುದೂ ದಿನಾಂಕದ ತಗಡನ್ನು ಬದಲಿಸುವುದೂ ಶಾಸನದ ಅಕ್ಷರಗಳನ್ನು ಕೆತ್ತಿ ಹಾಕಿದಂತೆಯೇ ಸರಿ. ಬಣ್ಣವನ್ನು ಮತ್ತೆ ಬಳಿಯಬಹುದು. ಅಳಿಸಿಹೋದ ಸಾಕ್ಷ್ಯವನ್ನು ಮತ್ತೆ ಬರೆದರೆ ಅದು ಸಾಕ್ಷ್ಯವಾಗದು.

ಪ್ರಯೋಗಶಾಲೆಯಲ್ಲಿ ಏಕಮಾನವಿಲ್ಲದ ಉತ್ತರಕ್ಕೆ ನಾವು ಅಂಕ ಕೊಡುವುದಿಲ್ಲ. ‘ಇದು ೧೯೬೫ರ ಕಾರು’ ಎಂಬ ಮಾತು ಸಹ ಅಂತಹುದೇ ಅಪೂರ್ಣ ಉತ್ತರ. ವಿದ್ಯಾರ್ಥಿಗಳು ಯಾವ ವರ್ಷವನ್ನು ಕೇಳಿದರೂ ‘ಯಾವುದರ ವರ್ಷ?’ ಎಂದು ಮರುಪ್ರಶ್ನೆ ಹಾಕುವುದನ್ನು ರೂಢಿಸಿಕೊಳ್ಳಲಿ.